ಕಂಬಳದ ಓಟವೂ ಹದಿಹರೆಯದ ಹುಡುಗನೂ

ಕಳೆದ ಕಾರ್ತಿಕದ ಒಂದು ಸಂಜೆ ಹದಿನೇಳು ವರ್ಷದ ಹುಡುಗನೊಬ್ಬ ಬಂಟ್ವಾಳದ ನಮ್ಮ ಮನೆಗೆ ಬಂದ. ಕುಳಿತುಕೊ ಎಂದರೂ ಕುಳಿತುಕೊಳ್ಳದೆ ಜಗಲಿಯ ಕಂಬಕ್ಕೆ ಒರಗಿ ನಿಂತು, ಸ್ವಲ್ಪ ಹೊತ್ತು ನೆಲ ನೋಡಿ, ಕೊನೆಗೆ ಒಂದೇ ಉಸಿರಿನಲ್ಲಿ, “ಸರ್, ನನಗೆ ಕಂಬಳದ ಕೋಣ ಓಡಿಸ್ಬೇಕೂಂತ ಉಂಟು. ಅದರಲ್ಲೇ ಮುಂದೆ ಬರ್ಬೇಕೂಂತ ಉಂಟು. ತಡ ಆಯಿತಾ?” ಎಂದು ಕೇಳಿದ.

ಈತ ನನ್ನ ಬಾಲ್ಯದ ಗೆಳೆಯನ ಮೊಮ್ಮಗ. ಪದವಿಪೂರ್ವ ತರಗತಿಯ ಎರಡನೆಯ ವರ್ಷದಲ್ಲಿದ್ದಾನೆ. ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಾಳೆ. ಮನೆಯಲ್ಲಿ ಕೋಣವಿಲ್ಲ, ಕೋಣ ಕಟ್ಟುವಷ್ಟು ಗದ್ದೆಯೂ ಇಲ್ಲ. ಮರುದಿನ ಬೆಳಿಗ್ಗೆ ತಾಯಿಯೂ ಬಂದಳು. ಮಗನನ್ನು ನನ್ನಲ್ಲಿಗೆ ಕಳಿಸಿದವಳು ಅವಳೇ ಎಂದು ಆಗ ತಿಳಿಯಿತು. ಮೇಷ್ಟ್ರು ಹೇಳಿದರೆ ಅವನು ಈ ಹುಚ್ಚು ಬಿಟ್ಟಾನು ಎಂಬುದು ಅವಳ ಆಸೆ. ಮೇಷ್ಟ್ರು ಹೇಳಿದರೆ ಅಮ್ಮ ಒಪ್ಪಿಯಾಳು ಎಂಬುದು ಅವನ ಆಸೆ. ಮೂವತ್ತಕ್ಕೂ ಮಿಕ್ಕಿದ ವರ್ಷ ಕನ್ನಡ ಪಾಠ ಹೇಳಿದ ನನಗೆ ಹೀಗೆ ಎರಡು ಪಕ್ಷಗಳ ವಕಾಲತ್ತು ಒಟ್ಟಿಗೆ ಬಂದದ್ದು ಅದೇ ಮೊದಲು. ಅವರಿಬ್ಬರಿಗೂ ಹೇಳಬೇಕೆಂದು ನಾನು ಯೋಚಿಸಿಕೊಂಡ ಸಂಗತಿಗಳನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹುಡುಗನ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಆರಂಭಿಸಿದವನಿಗೆ ಒಂದು ಆಟ ಮೈಗೆ ಹತ್ತೀತೆ ಎಂಬುದು ಒಂದು. ಮೈಗೆ ಹತ್ತಿದ ಆಟ ಹೊಟ್ಟೆಗೆ ಅನ್ನ ಕೊಟ್ಟೀತೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದಕ್ಕೂ ದೊರೆತಂತೆ ಎಂದು ಎಳೆಯರು ಭಾವಿಸುತ್ತಾರೆ. ಎರಡನೆಯದಕ್ಕೆ ಉತ್ತರವಿಲ್ಲವಾದರೆ ಮೊದಲನೆಯದನ್ನು ಕೇಳುವುದೇ ವ್ಯರ್ಥ ಎಂದು ಹಿರಿಯರು ಭಾವಿಸುತ್ತಾರೆ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುವುದು ಲೇಸು.

ನಮ್ಮ ಕರಾವಳಿಯಿಂದ ಬಹುದೂರದ ಒಂದು ಉದಾಹರಣೆಯಿಂದ ತೊಡಗುತ್ತೇನೆ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮ್ಮ ಕ್ರಿಕೆಟ್ಟಿನ ದೂರದ ದಾಯಾದಿ ಎನ್ನಬಹುದು. ಅಲ್ಲಿ ಚೆಂಡೆಸೆಯುವವನು ಚೆಂಡನ್ನು ನೆಲಕ್ಕೆ ಪುಟಿಸದೆ, ಮೊಣಕೈ ಮಡಿಸಿ, ನೇರವಾಗಿ ದಾಂಡಿಗನತ್ತ ಎಸೆಯುತ್ತಾನೆ. 2008ರಲ್ಲಿ ಅಮೆರಿಕದ ವ್ಯಾಪಾರಸ್ಥರು ಕೆಲವರು ನಮ್ಮ ದೇಶದಲ್ಲಿ ಊರೂರು ತಿರುಗಿ, ಅತಿ ವೇಗವಾಗಿ ಚೆಂಡೆಸೆಯಬಲ್ಲ ತರುಣರನ್ನು ಹುಡುಕುವ ಒಂದು ಸ್ಪರ್ಧೆಯನ್ನು ದೂರದರ್ಶನಕ್ಕಾಗಿ ಏರ್ಪಡಿಸಿದರು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಹಳ್ಳಿಯ ಹುಡುಗರು ಅದರಲ್ಲಿ ಮೇಲೆ ಬಂದರು. ಇಬ್ಬರೂ ಆಗ ಹತ್ತೊಂಬತ್ತರ ಆಸುಪಾಸಿನವರು. ಬೇಸ್‌ಬಾಲನ್ನು ಅದುವರೆಗೆ ಕೈಯಲ್ಲಿ ಹಿಡಿದವರಲ್ಲ. ಆದರೆ ಇಬ್ಬರೂ ಭರ್ಜಿ ಎಸೆತದಲ್ಲಿ ಪಳಗಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ವೃತ್ತಿಪರ ತಂಡ ಅವರೊಡನೆ ಕರಾರು ಮಾಡಿಕೊಂಡಿತು. ಈ ಕಥೆ 2014ರಲ್ಲಿ ಚಲನಚಿತ್ರವೂ ಆಯಿತು.

ಚಲನಚಿತ್ರ ಅಲ್ಲಿಗೆ ಮುಗಿಯುತ್ತದೆ, ಬದುಕು ಮುಗಿಯುವುದಿಲ್ಲ. ಅಮೆರಿಕದಲ್ಲಿ ವೃತ್ತಿಪರ ತಂಡಗಳಿಗೆ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿಯ ತಂಡಗಳಿವೆ. ಕರಾರು ಎಂದರೆ ಆ ಏಣಿಯ ಅತ್ಯಂತ ಕೆಳಗಿನ ಮೆಟ್ಟಿಲಿನ ಮೇಲೆ ಕಾಲಿಡಲು ಅಪ್ಪಣೆ, ಅಷ್ಟೆ. 2009ರಲ್ಲಿ ರಿಂಕು ಸಿಂಗ್ ಆ ಕಿರಿಯ ತಂಡದ ಪಂದ್ಯವೊಂದರಲ್ಲಿ ಗೆಲುವಿನ ಎಸೆಗಾರನಾದ. ದಿನೇಶ್ ಪಟೇಲನನ್ನು 2010ರಲ್ಲಿ ತಂಡ ಬಿಟ್ಟುಕೊಟ್ಟಿತು. ಅವನು ಊರಿಗೆ ಮರಳಿದ. ರಿಂಕು ಇನ್ನೂ ಕೆಲವು ವರ್ಷ ಹೋರಾಡಿದ. ಅಷ್ಟರಲ್ಲಿ ಮೊಣಕೈ ಕೆಟ್ಟಿತು; ಶಸ್ತ್ರಚಿಕಿತ್ಸೆಯಾಯಿತು; ಮೇಲಿನ ಮೆಟ್ಟಿಲು ದೊರೆಯಲೇ ಇಲ್ಲ. ಕೊನೆಗೆ 2018ರಲ್ಲಿ ಅವನು ಕುಸ್ತಿಯ ಪ್ರದರ್ಶನರಂಗಕ್ಕೆ ಹೋದ.

ಈ ಇಬ್ಬರನ್ನು ಸೋತವರೆಂದು ನಾನು ಹೇಳಲಾರೆ. ತಡವಾಗಿ ತೊಡಗಿದವರು ಎಲ್ಲಿಯವರೆಗೆ ಹೋಗಬಲ್ಲರು, ಎಲ್ಲಿ ತಡೆ ಬರುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಅವರಿಗೆ ಆಟ ಹೊಸದು, ತೋಳು ಹೊಸದಲ್ಲ. ಭರ್ಜಿ ಎಸೆದು ಎಸೆದು ಹದಗೊಂಡ ತೋಳು ಅವರನ್ನು ಬಾಗಿಲವರೆಗೆ ಕರೆದೊಯ್ದಿತು. ಬಾಗಿಲಿನ ಒಳಗೆ ಬೇಕಾದದ್ದು ಬೇರೆ. ಎದುರಿನ ದಾಂಡಿಗ ಏನು ಎಣಿಸುತ್ತಿದ್ದಾನೆ ಎಂಬ ಅಂದಾಜು, ಚೆಂಡನ್ನು ಯಾವಾಗ ಬಿಡಬೇಕೆಂಬ ಸೂಕ್ಷ್ಮ, ಹತ್ತು ವರ್ಷದ ಹುಡುಗ ಬೀದಿಯಲ್ಲಿ ಆಡುತ್ತ ಆಡುತ್ತ ಅರಿವಿಲ್ಲದೆ ಕಲಿಯುವ ವಿದ್ಯೆ. ವೇಗವನ್ನು ಬೇರೆಡೆಯಿಂದ ತರಬಹುದು. ಈ ಸೂಕ್ಷ್ಮವನ್ನು ತರಲಾಗುವುದಿಲ್ಲ. ಅದನ್ನು ಅಲ್ಲಿಯೇ ಸಂಪಾದಿಸಬೇಕು.

ಇನ್ನು ನಮ್ಮ ಕಂಬಳಕ್ಕೆ ಬರೋಣ. ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಘಟ್ಟದ ಮೇಲಿನವರೂ ಇರಬಹುದಾದ್ದರಿಂದ ಒಂದೆರಡು ಮಾತು ವಿವರವಾಗಿ ಹೇಳುತ್ತೇನೆ. ಕಂಬಳ ಕೆಸರುನೀರಿನ ಗದ್ದೆಯಲ್ಲಿ ನಡೆಯುವ ಕೋಣಗಳ ಓಟ. ನವೆಂಬರಿನಿಂದ ಮಾರ್ಚ್ ಏಪ್ರಿಲ್‌ವರೆಗೆ ಅದರ ಕಾಲ. ಓಟದ ಹಾದಿಗೆ ಕರೆ ಎನ್ನುತ್ತಾರೆ. ಅಕ್ಕಪಕ್ಕದಲ್ಲಿ ಎರಡು ಹಾದಿಗಳಿದ್ದರೆ ಅದು ಜೋಡುಕರೆ. ಆ ಎರಡು ಕರೆಗಳಿಗೂ ಜೋಡಿ ಹೆಸರಿಡುವುದು ನಮ್ಮವರ ಒಂದು ಚೆಲುವಾದ ರೂಢಿ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ, ನಮ್ಮ ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಕಕ್ಯಪದವಿನಲ್ಲಿ ಸತ್ಯ-ಧರ್ಮ. ಸೂರ್ಯ ಗೆದ್ದನೆ ಚಂದ್ರ ಗೆದ್ದನೆ ಎಂದು ಧ್ವನಿವರ್ಧಕದಲ್ಲಿ ಕೇಳುವಾಗ ಪಾಡ್ದನದ ಲೋಕವೊಂದು ಪಕ್ಕದಲ್ಲೇ ನಡೆಯುತ್ತಿದೆಯೋ ಎಂದು ಭಾಸವಾಗುತ್ತದೆ.

ಕೋಣಗಳನ್ನು ಬಿಡುವ ತುದಿಗೆ ಗಂತು ಎಂದೂ ತಲುಪುವ ತುದಿಗೆ ಮಂಜೊಟ್ಟಿ ಎಂದೂ ಹೆಸರು. ಓಟದಲ್ಲಿ ಹಲವು ವಿಭಾಗಗಳಿವೆ. ನೊಗಕ್ಕೆ ಹಗುರವಾದ ನೇಗಿಲಿನಂಥ ಸಾಧನ ಕಟ್ಟಿದರೆ ಅದು ನೇಗಿಲು. ಹಗ್ಗವನ್ನಷ್ಟೇ ಹಿಡಿದು ಓಡುವುದು ಹಗ್ಗ. ಇವೆರಡರಲ್ಲಿಯೂ ಕೋಣಗಳಿಗನುಗುಣವಾಗಿ ಹಿರಿಯ, ಕಿರಿಯ ಎಂಬ ಭೇದವುಂಟು. ಅಡ್ಡಹಲಗೆಯಲ್ಲಿ ಓಟಗಾರ ಓಡುವುದಿಲ್ಲ. ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆಹಲಗೆಯಲ್ಲಿ ವೇಗಕ್ಕೆ ಬಹುಮಾನವಿಲ್ಲ. ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಗೆ ತಾಗಬೇಕು. ನಿಶಾನೆ 6.5 ಕೋಲು, 7.5 ಕೋಲು ಎಂಬ ಎತ್ತರಗಳಲ್ಲಿರುತ್ತದೆ. ಹಲಗೆಯ ವಿಭಾಗಗಳ ಫಲಿತಾಂಶ ಓದುವಾಗ ಓಡಿಸಿದವರು ಎನ್ನದೆ ‘ಹಲಗೆ ಮುಟ್ಟಿದವರು’ ಎನ್ನುತ್ತಾರೆ. ಕೋಣದ ಬೆನ್ನಿಗೆ ನಿಂತು ಪ್ರಾಣ ಒತ್ತೆಯಿಟ್ಟವನ ಕೆಲಸವನ್ನು ಮುಟ್ಟುವುದು ಎಂಬಷ್ಟು ಹಗುರವಾದ ಮಾತಿನಿಂದ ಹೇಳುವ ಈ ವಿನಯ ನನಗೆ ಯಾವಾಗಲೂ ಇಷ್ಟ.

ನೇಗಿಲು, ಹಗ್ಗಗಳಲ್ಲಿ ಓಟಗಾರ ಬರಿಗಾಲಿನಲ್ಲಿ ಕೋಣಗಳ ಹಿಂದೆ ಓಡುತ್ತಾನೆ. ಅವನು ಓಡುತ್ತಾನೆ ಎಂಬುದು ಅರ್ಧ ಸತ್ಯ. ಕೋಣಗಳು ಅವನನ್ನು ಓಡಿಸುತ್ತವೆ ಎಂಬುದು ಇನ್ನರ್ಧ. ಇದನ್ನು ಲೋಕ ತಿಳಿದುಕೊಂಡದ್ದು 2020ರಲ್ಲಿ. ಆ ವರ್ಷದ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆದಿತ್ತು. ಮರುತಿಂಗಳು, ಫೆಬ್ರುವರಿ 1ರಂದು, ಅದೇ ಮೂಡುಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ದಾಟಿದರು. ಯಾರೋ ಲೆಕ್ಕ ಹಾಕಿದರು: 100 ಮೀಟರಿಗೆ 9.55 ಸೆಕೆಂಡು! ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ ವಿಶ್ವದಾಖಲೆ 9.58. ಸುದ್ದಿ ದೇಶವನ್ನೆಲ್ಲ ಸುತ್ತಿತು. ಅದೇ ತಿಂಗಳಲ್ಲಿ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ದಾಟಿ ಇನ್ನೂ ಸ್ವಲ್ಪ ಮುಂದೆ ಹೋದರು. ಕೇಂದ್ರದ ಕ್ರೀಡಾ ಸಚಿವರು ಶ್ರೀನಿವಾಸ ಗೌಡರನ್ನು ಪರೀಕ್ಷಾ ಓಟಕ್ಕೆ ಆಹ್ವಾನಿಸಿದರು. ಕಟ್ಟಡದ ಕೆಲಸ ಮಾಡಿ ಬದುಕುತ್ತಿದ್ದ ಆ ಓಟಗಾರರು ಆ ಆಹ್ವಾನವನ್ನು ವಿನಯದಿಂದ ಬೇಡವೆಂದರು. ಕಂಬಳದಲ್ಲಿ ಹಿಮ್ಮಡಿಯೂರಿ ಓಡುತ್ತೇವೆ, ಮೈದಾನದಲ್ಲಿ ಬೆರಳುಗಳ ಮೇಲೆ ಓಡಬೇಕು. ನನ್ನ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರ ವಾದದ ಸಾರ.

ಎಷ್ಟು ಸರಿಯಾದ ತಿಳಿವಳಿಕೆ! ಆ ವೇಗ ಗಂಟೆಗೆ ಸುಮಾರು 38 ಕಿಲೋಮೀಟರಿನಷ್ಟಾಗುತ್ತದೆ. ಕೋಣಗಳು ಆ ವೇಗದಲ್ಲಿ ಎಳೆಯುವಾಗ ಓಟಗಾರನ ಹೆಜ್ಜೆ ತಾನಾಗಿಯೇ ನೀಳವಾಗುತ್ತದೆ. ಮೈದಾನದ ಓಟಗಾರ ನೆಲವನ್ನು ಹಿಂದಕ್ಕೆ ತಳ್ಳಿ ತನ್ನನ್ನು ಮುಂದಕ್ಕೆ ಎಸೆದುಕೊಳ್ಳಬೇಕು. ಕಂಬಳದ ಓಟಗಾರನ ಸಮಸ್ಯೆ ಅದಕ್ಕೆ ತಿರುಗುಮುರುಗಾದದ್ದು. ಮುಂದಕ್ಕೆ ಎಳೆಯುವ ಬಲ ಬೇಕಾದಷ್ಟಿದೆ. ಅವನು ಬೆನ್ನನ್ನು ತುಸು ಹಿಂದಕ್ಕೆ ಒರಗಿಸಿ, ಹಿಮ್ಮಡಿಯನ್ನು ಕೆಸರಿನಲ್ಲಿ ಊರಿ, ಬೀಳದೆ ಉಳಿಯಬೇಕು. ಕಾಲು ಒಂದು ಕ್ಷಣ ಹಿಂದುಳಿದರೆ ದೇಹ ಮುಂದಕ್ಕೆ ಬೀಳುತ್ತದೆ. ಬಿದ್ದವನು ಹಗ್ಗ ಬಿಡಬೇಕು. ಬಿಡದೆ ಹಿಡಿದುಕೊಂಡರೆ ಕರೆಯುದ್ದಕ್ಕೂ ಎಳೆದೊಯ್ಯಲ್ಪಡುತ್ತಾನೆ. ಹಿಡಿಯುವುದನ್ನು ಕಲಿಯಲು ಒಂದು ತಿಂಗಳು ಸಾಕು. ಯಾವಾಗ ಬಿಡಬೇಕೆಂಬುದನ್ನು ಕೈ ತಾನಾಗಿ ಅರಿಯಲು ವರ್ಷಗಳು ಬೇಕು ಎಂದು ಹಳೆಯ ಓಟಗಾರರು ಹೇಳುವುದನ್ನು ಕೇಳಿದ್ದೇನೆ.

ಹಾಗಾದರೆ ಹದಿನೇಳರಲ್ಲಿ ತಡವಾಯಿತೆ? ಓಡುವ ಕಾಲು, ಬಲಿತ ಸೊಂಟ, ಉಸಿರಿನ ಬಲ ಇವು ಹದಿನೇಳರಿಂದ ಇಪ್ಪತ್ತೈದರವರೆಗೆ ಬೆಳೆಯುತ್ತಲೇ ಹೋಗುತ್ತವೆ. ಆ ದೃಷ್ಟಿಯಿಂದ ತಡವಾಗಿಲ್ಲ. ನಿಜವಾಗಿ ನೋಡಿದರೆ ಎಲುಬು ಬಲಿಯುವ ಮೊದಲೇ ಎಳೆಯ ಭುಜಕ್ಕೆ ಇಂಥ ಸೆಳೆತ ಕೊಡುವುದು ಹಿತವೂ ಅಲ್ಲ. ತಡವಾಗುವುದು ಇನ್ನೊಂದು ವಿಷಯದಲ್ಲಿ. ಬೇಸ್‌ಬಾಲಿನ ಹುಡುಗರಿಗೆ ದಾಂಡಿಗನ ಮನಸ್ಸು ಹೇಗೆ ಅಪರಿಚಿತವೋ, ಕೊಟ್ಟಿಗೆಯಲ್ಲಿ ಬೆಳೆಯದ ಹುಡುಗನಿಗೆ ಕೋಣದ ಮನಸ್ಸು ಹಾಗೆ ಅಪರಿಚಿತ. ಕೋಣಗಳು ಜೋಡಿಯಾಗಿ ಓಡಬೇಕು. ಎರಡರಲ್ಲಿ ಒಂದು ಬೇಗ ಬೆದರುವಂಥದಿರಬಹುದು, ಇನ್ನೊಂದು ಅರ್ಧ ಕರೆ ಕಳೆದ ಮೇಲಷ್ಟೇ ಮೈಬಿಚ್ಚುವಂಥದಿರಬಹುದು. ಕಿವಿ ಯಾವಾಗ ಹಿಂದಕ್ಕೆ ಹೋಯಿತು, ಉಸಿರು ಯಾವಾಗ ಬದಲಾಯಿತು ಎಂಬುದು ಹುರುಳಿ ಬೇಯಿಸಿ ಹಾಕಿದವನಿಗೆ, ಎಣ್ಣೆ ತಿಕ್ಕಿ ಮೀಯಿಸಿದವನಿಗೆ ತಿಳಿಯುತ್ತದೆ. ಹಿಂದೆ ಉಳುವ ಮನೆಗಳ ಮಕ್ಕಳಿಗೆ ಈ ಅರಿವು ಯಾರೂ ಕಲಿಸದೆ ಬರುತ್ತಿತ್ತು. ಉಳುಮೆಗೆ ಟ್ರ್ಯಾಕ್ಟರ್, ಟಿಲ್ಲರುಗಳು ಬಂದ ಮೇಲೆ ಓಟದ ಕೋಣಗಳು ಓಟಕ್ಕಾಗಿಯೇ ಸಾಕಿದ, ಲಕ್ಷಗಟ್ಟಲೆ ಬೆಲೆಬಾಳುವ ಪ್ರಾಣಿಗಳಾದವು. ಗದ್ದೆಯಿಂದ ಕರೆಗೆ ಇದ್ದ ಸಹಜವಾದ ದಾರಿ ಮುಚ್ಚಿಹೋಯಿತು.

ಆ ದಾರಿಯ ಬದಲಿಗೆ ಹೊಸದೊಂದು ದಾರಿ ತೆರೆದದ್ದನ್ನೂ ಹೇಳಬೇಕು. ಮೂಡುಬಿದಿರೆಯ ಗುಣಪಾಲ ಕಡಂಬರ ಮುಂದಾಳುತನದಲ್ಲಿ 2011ರಲ್ಲಿ ಕಾರ್ಕಳ ಸಮೀಪದ ಮಿಯಾರಿನಲ್ಲಿ ಕಂಬಳ ಅಕಾಡೆಮಿಯ ತರಬೇತಿ ಆರಂಭವಾಯಿತು. ಶ್ರೀನಿವಾಸ ಗೌಡರು ಅಲ್ಲಿ ಮೊದಮೊದಲು ಕಲಿತವರಲ್ಲಿ ಒಬ್ಬರು. ತಂದೆಯಿಂದ ಮಗನಿಗೆ ಬರುತ್ತಿದ್ದ ವಿದ್ಯೆಯನ್ನು ಬಯಸಿ ಬಂದವನಿಗೆ ಕಲಿಸಬಹುದು ಎಂದು ಅದು ತೋರಿಸಿತು. ಯಕ್ಷಗಾನದಲ್ಲಿ ಮನೆತನದ ಹುಡುಗರಷ್ಟೇ ಗೆಜ್ಜೆ ಕಟ್ಟುತ್ತಿದ್ದ ಕಾಲ ಹೋಗಿ, ಕಲಿಕೆಯ ಕೇಂದ್ರಗಳ ಮೂಲಕ ಹೊರಗಿನವರೂ ಮೇಳ ಸೇರುವ ಕಾಲ ಬಂದಿತಲ್ಲ, ಹಾಗೆಯೇ ಇದು. ಆದ್ದರಿಂದ ಹುಡುಗನ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಕಾಲಿಗೆ ತಡವಾಗಿಲ್ಲ, ಕೋಣವನ್ನು ಅರಿಯುವುದಕ್ಕೆ ತಡವಾಗಿದೆ, ಆ ಕೊರತೆಯನ್ನು ಕರೆಯಲ್ಲಿ ತುಂಬಲಾಗದು, ಕೊಟ್ಟಿಗೆಯಲ್ಲಿ ತುಂಬಬೇಕು.

ಎರಡನೆಯ ಪ್ರಶ್ನೆ ಅನ್ನದ್ದು. ಕಂಬಳ ಶನಿವಾರ ತೊಡಗಿ ರಾತ್ರಿಯಿಡೀ ದೀಪದ ಬೆಳಕಿನಲ್ಲಿ ನಡೆದು ಭಾನುವಾರ ಮುಗಿಯುವಂಥದು. ಒಂದು ಋತುವಿನಲ್ಲಿ ಇಂಥವು ಇಪ್ಪತ್ತರ ಆಸುಪಾಸಿನಲ್ಲಿ ನಡೆಯುತ್ತವೆ. ಗೆದ್ದ ಜೋಡಿಗೆ ಪವನಿನ ಲೆಕ್ಕದಲ್ಲಿ ಚಿನ್ನ. ಅದು ಕೋಣಗಳ ಯಜಮಾನನ ಹೆಸರಿಗೆ. ಓಟಗಾರನಿಗೆ ದೊರೆಯುವುದು ಯಜಮಾನನೊಡನೆ ಮಾಡಿಕೊಂಡ ಒಪ್ಪಂದದ ಸಂಭಾವನೆ. ಹೆಸರಾಂತ ಓಟಗಾರ ಒಂದೇ ಕಂಬಳದಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುತ್ತಾನೆ. ಅವನಿಗೆ ಸಾಕಷ್ಟು ದೊರೆಯುತ್ತದೆ. ಅಂಥವರು ಬೆರಳೆಣಿಕೆಯ ಮಂದಿ. ಉಳಿದವರು ವಾರದ ದಿನಗಳಲ್ಲಿ ಬೇರೆ ದುಡಿಮೆ ಹುಡುಕಬೇಕು. ಮಳೆಗಾಲದಲ್ಲಂತೂ ಎಲ್ಲರೂ ಹುಡುಕಬೇಕು. ವಿಶ್ವದಾಖಲೆಯೊಡನೆ ಹೋಲಿಸಲ್ಪಟ್ಟ ಓಟಗಾರರೇ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರೆಂಬುದನ್ನು ಮರೆಯಬಾರದು.

ಇದಲ್ಲದೆ, ನಿಯಮವೊಂದು ಬದಲಾದರೆ ಇಡೀ ವೃತ್ತಿಯೇ ನಿಂತುಹೋಗಬಹುದು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಮೊದಲಾದವುಗಳ ವಿಚಾರದಲ್ಲಿ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದ ಕಂಬಳ ನಿಂತಿತು. 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದ ಮೇಲೆ ಮರಳಿ ನಡೆಯಿತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕೋಣಗಳು ಓಡಿದವು. ಪ್ರಾಣಿಗಳ ನೋವಿನ ಬಗ್ಗೆ ಆಕ್ಷೇಪಿಸಿದವರನ್ನು ಶತ್ರುಗಳೆಂದು ಬಗೆಯುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಬೆತ್ತದ ಬಳಕೆಗೆ ಇಂದು ಕಟ್ಟುಪಾಡು ಬಂದಿರುವುದು ಆ ಆಕ್ಷೇಪಗಳ ಫಲ. ಬೆತ್ತದಿಂದ ಓಡಿಸುವವನಿಗಿಂತ ಕೋಣವನ್ನು ಅರಿತು ಓಡಿಸುವವನಿಗೆ ಬೆಲೆ ಹೆಚ್ಚಾದರೆ ಕಂಬಳಕ್ಕೆ ಗೌರವವೇ ಹೊರತು ನಷ್ಟವಿಲ್ಲ. ಆದರೆ ಹದಿನೇಳರ ಹುಡುಗ ಒಂದನ್ನು ತಿಳಿದಿರಬೇಕು: ತನ್ನ ತಪ್ಪಿಲ್ಲದೆಯೂ ಒಂದು ಇಡೀ ಋತು ಕಳೆದುಹೋದೀತು.

ಇಷ್ಟನ್ನೂ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ವಿಷಯದಲ್ಲಿ ನಾನು ಹೊರಗಿನವನಲ್ಲ. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆ ಮುಳುಗಿದ ವರ್ಷ ನನಗೆ ಹದಿನಾರು. ನಮ್ಮ ತಂದೆ ಶಾಲೆಯ ಉಪಾಧ್ಯಾಯರು. ಕೆಸರಿನ ಸಂಬಂಧ ನಮ್ಮ ಮನೆಗಿರಲಿಲ್ಲ. ಈ ಹುಡುಗನ ಅಜ್ಜ, ನನ್ನ ಗೆಳೆಯ, ನನ್ನ ವಯಸ್ಸಿನವನೇ. ಅವನ ತಂದೆ ಊರಿನ ದೊಡ್ಡ ಮನೆಯೊಂದರ ಗದ್ದೆ ಉಳುತ್ತಿದ್ದರು. ಗೆಳೆಯ ಹತ್ತನೆಯ ವಯಸ್ಸಿನಿಂದ ಆ ಮನೆಯ ಕೋಣಗಳೊಡನೆ ಬೆಳೆದವನು. ಅವನು ಕಂಬಳದಲ್ಲಿ ಓಡುವುದನ್ನು ನೋಡಿದ ದಿನದಿಂದ ನನಗೂ ಓಡಬೇಕೆಂಬ ಹುಚ್ಚು ಹಿಡಿಯಿತು. ಪಠ್ಯಪುಸ್ತಕದ ಅಂಚಿನಲ್ಲಿ ಕೋಣಗಳ ಚಿತ್ರ ಬರೆದೆ. ಹೊಳೆಯ ಮರಳಿನಲ್ಲಿ ಬರಿಗಾಲಿನಲ್ಲಿ ಓಡಿ ಅಭ್ಯಾಸ ಮಾಡಿದೆ. ಅವನನ್ನು ಕಾಡಿ ಬೇಡಿ, ಕೊಯ್ಲು ಮುಗಿದ ಮೇಲಿನ ಒಂದು ಮಧ್ಯಾಹ್ನ, ಅಭ್ಯಾಸದ ಓಟದಲ್ಲಿ ಹಗ್ಗ ಹಿಡಿದೆ. ಇಪ್ಪತ್ತು ಹೆಜ್ಜೆಯಾಗಿರಬಹುದು. ಆಮೇಲೆ ಆಕಾಶ, ಕೆಸರು, ಮತ್ತೆ ಆಕಾಶ. ‘ಬಿಡು, ಬಿಡು’ ಎಂದು ಅವನು ಕೂಗಿದ್ದು ಕೇಳಿತು. ಬಿಡಬೇಕೆಂದು ಮನಸ್ಸಿಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ.

ಕೊರಳ ಎಲುಬು ಮುರಿದು ಆರು ವಾರ ಮನೆಯಲ್ಲಿ ಕುಳಿತೆ. ಆ ದಿನಗಳಲ್ಲಿ ತಂದೆ ಶಾಲೆಯಿಂದ ತಂದುಕೊಟ್ಟ ಪುಸ್ತಕಗಳಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಒಂದು. 1933ರಲ್ಲಿ ಬಂದ ಆ ಕಾದಂಬರಿಯ ಚೋಮನಿಗೆ ಎತ್ತುಗಳಿವೆ. ಉಳಲು ತನ್ನದೆಂಬ ಗದ್ದೆಯಿಲ್ಲ, ಅದನ್ನು ಕೇಳುವ ಅಧಿಕಾರವನ್ನೂ ಜಾತಿ ಅವನಿಗೆ ಕೊಟ್ಟಿಲ್ಲ. ಅದನ್ನು ಓದಿದ ಮೇಲೆ ನನ್ನ ಗೆಳೆಯನ ಓಟವನ್ನು ನಾನು ಮೊದಲಿನಂತೆ ನೋಡಲಾರದೆ ಹೋದೆ. ಅವನಿಗೆ ಓಟವಿತ್ತು, ಕೋಣ ತನ್ನದಲ್ಲ. ಗೆದ್ದ ದಿನ ಚಿನ್ನ ಒಳಗೆ ಹೋಗುತ್ತಿತ್ತು. ಅವನಿಗೆ ಅಂಗಳದಲ್ಲಿ ಎಲೆ ಹಾಕುತ್ತಿದ್ದರು. ಹಳೆಯ ಕಂಬಳಗಳಲ್ಲಿ ಇದಕ್ಕಿಂತ ಕ್ರೂರವಾದದ್ದೂ ಇತ್ತು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಮಂಜಿನಲ್ಲಿ ಎಚ್ಚರ ಕೂರಿಸುವ ‘ಪನಿ ಕುಲ್ಲುನು’ ಎಂಬ ಆಚರಣೆಯಿತ್ತು. ಕೊರಗರನ್ನು ಹೀಗೆ ಹೀನಾಯವಾಗಿ ಬಳಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ನಮ್ಮ ರಾಜ್ಯ ಮಾಡಿದ್ದು 2000ದಲ್ಲಿ. ಸಂಸ್ಕೃತಿ, ಪರಂಪರೆ ಎಂಬ ದೊಡ್ಡ ಮಾತುಗಳನ್ನು ಆಡುವಾಗ ಈ ಮಂಜಿನ ರಾತ್ರಿಗಳನ್ನೂ ನೆನೆಯುವುದು ನ್ಯಾಯ.

1974ರ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಗೆಳೆಯನ ತಂದೆಗೆ ಆ ಭಾಗ್ಯ ದೊರೆಯಲಿಲ್ಲ. ಅವರು ಗೇಣಿದಾರರಲ್ಲ, ಆಳು. ಗೆಳೆಯ ಹದಿನೈದು ವರ್ಷ ಓಡಿದ. ಆಮೇಲೆ ಮೊಣಕಾಲು ಕೈಕೊಟ್ಟಿತು. ಅಡಿಕೆ ತೋಟಗಳಲ್ಲಿ ಕೂಲಿ ಮಾಡಿದ, ಈಗ ಮನೆಯಲ್ಲಿದ್ದಾನೆ. ನನಗೆ ತಿಂಗಳಿಗೊಮ್ಮೆ ಪಿಂಚಣಿ ಬರುತ್ತದೆ. ಅವನು ನನಗಿಂತ ಹತ್ತು ಪಾಲು ಮೇಲಾದ ಓಟಗಾರ. ನಾನು ಇಪ್ಪತ್ತು ಹೆಜ್ಜೆಗೆ ಬಿದ್ದವನು. ಬಿದ್ದವನಿಗೆ ಪುಸ್ತಕ ದೊರೆಯಿತು, ಬೀಳದವನಿಗೆ ದೊರೆಯಲಿಲ್ಲ. ಇದನ್ನು ನನ್ನ ಜಾಣತನವೆಂದು ನಾನು ಯಾವತ್ತೂ ಭಾವಿಸಿಲ್ಲ.

ಮೊಮ್ಮಗನ ವಿಷಯದಲ್ಲಿ ಅವನ ಮಾತೇ ಮುಖ್ಯವೆಂದು ತೋರಿ ನಾನು ಅವನ ಮನೆಗೆ ಹೋದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಕೊನೆಗೆ, “ಓಡ್ಲಿ. ಓಡುವಾಗ ಒಂದು ಸುಖ ಉಂಟು, ಅದು ನಿನಗೆ ಇಪ್ಪತ್ತು ಹೆಜ್ಜೆ ಮಾತ್ರ ಗೊತ್ತು. ಆದ್ರೆ ಅವ ಊಟಕ್ಕೆ ಒಳಗೆ ಕೂತ್ಕೊಳ್ಳುವ ಹಾಗೆ ಆಗ್ಬೇಕು. ಅಂಗಳದಲ್ಲಿ ಅಲ್ಲ,” ಎಂದ.

ಆ ಮಾತನ್ನು ಹಿಡಿದುಕೊಂಡೇ ನಾನು ತಾಯಿ ಮಗನಿಗೆ ಉತ್ತರ ಹೇಳಿದೆ. ಮೊದಲನೆಯದಾಗಿ, ಓದು ನಿಲ್ಲಬಾರದು. ಕಂಬಳ ಇರುವುದು ವಾರದ ಕೊನೆಯಲ್ಲಿ, ಕಾಲೇಜು ಇರುವುದು ವಾರದ ಮಧ್ಯದಲ್ಲಿ, ಇವೆರಡಕ್ಕೆ ಜಗಳವಿಲ್ಲ. ಎರಡನೆಯದಾಗಿ, ಒಂದು ವರ್ಷ ಹಗ್ಗ ಮುಟ್ಟಬಾರದು. ಕೋಣ ಸಾಕುವ ಮನೆಯೊಂದರಲ್ಲಿ ಬೆಳಗಿನ ಹೊತ್ತು ಕೆಲಸಕ್ಕೆ ಸೇರಬೇಕು, ಅದಕ್ಕೆ ಕೂಲಿ ಪಡೆಯಬೇಕು. ಮೂರನೆಯದಾಗಿ, ಮುಂದೆ ಓಡುವ ದಿನ ಬಂದಾಗ ಸಂಭಾವನೆ ಎಷ್ಟು, ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು ಎಂಬುದನ್ನು ಮೊದಲೇ ಮಾತಾಡಬೇಕು. ಅದನ್ನು ಕೇಳುವುದು ಅವಿನಯವಲ್ಲ. ಇಪ್ಪತ್ತೆರಡರ ಹೊತ್ತಿಗೆ ಅವನ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಬಾರದಿದ್ದರೆ, ಆಟವನ್ನು ಆಟವಾಗಿ ಉಳಿಸಿಕೊಂಡು ಪದವಿಯ ದಾರಿಯಲ್ಲಿ ಅನ್ನ ಹುಡುಕಬೇಕು. ಕರೆಯಲ್ಲಿ ಹೇಗೋ ಹಾಗೆ ಇಲ್ಲಿಯೂ ಯಾವಾಗ ಬಿಡಬೇಕೆಂದು ತಿಳಿದಿರಬೇಕು.

ತಾಯಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಮಗನಿಗೂ ಆಗಲಿಲ್ಲ. ಒಂದು ವರ್ಷವೆ ಎಂದು ಅವನು ಮುಖ ಸಣ್ಣದು ಮಾಡಿದ. ಬಿದ್ದರೆ ಎಂದು ಅವಳು ಕೇಳಿದಳು. ಬೀಳುವುದಿಲ್ಲವೆಂದು ನಾನು ಹೇಳಲಾರದೆ ಹೋದೆ. ಮಳೆಗಾಲದಲ್ಲಿ ಇಂದಿಗೂ ನೋಯುವ ನನ್ನ ಭುಜವನ್ನು ತೋರಿಸಿದೆ.

ಕಳೆದ ವಾರ ಹುಡುಗ ಮತ್ತೆ ಬಂದಿದ್ದ. ಈ ಬಾರಿ ಜಗಲಿಯಲ್ಲಿ ಕುಳಿತುಕೊಂಡ. ಬೆಳಿಗ್ಗೆ ಐದಕ್ಕೆ ಎದ್ದು ಹುರುಳಿ ಬೇಯಿಸುತ್ತಾನಂತೆ. ಎರಡು ಕೋಣಗಳಲ್ಲಿ ಒಂದು ಅವನ ಕೈಯಿಂದ ತಿನ್ನತೊಡಗಿದೆಯಂತೆ, ಇನ್ನೊಂದು ಇನ್ನೂ ಹತ್ತಿರ ಬಿಟ್ಟುಕೊಡುವುದಿಲ್ಲವಂತೆ. ಆ ಮನೆಯಲ್ಲಿ ತಿಂಡಿ ಎಲ್ಲಿ ಕೊಡುತ್ತಾರೆ ಎಂದು ಕೇಳಿದೆ. ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ. “ಅಡುಗೆಮನೆಯಲ್ಲಿ, ಎಲ್ಲರ ಒಟ್ಟಿಗೆ. ಯಾಕೆ ಸರ್?” ಎಂದ. ಏನೂ ಇಲ್ಲ, ಸುಮ್ಮನೆ ಕೇಳಿದೆ ಎಂದೆ. ಅವನು ಹೋದ ಮೇಲೆ ಗೆಳೆಯನಿಗೆ ಈ ಸುದ್ದಿ ಮುಟ್ಟಿಸಲು ಚಪ್ಪಲಿ ಮೆಟ್ಟಿಕೊಂಡು ಹೊರಟೆ.